ಕಿಡ್ನಿಗೆ ಯಾವ ಡಾಕ್ಟ್ರು? ನೆಫ್ರಾಲಜಿಸ್ಟಾ, ಯುರಾಲಜಿಸ್ಟಾ?

ಜಗಳೂರು ಹುಡುಗ:
ನಮ್ಮ ಅಪ್ಪಾಜಿಗೆ ಭಾಳ ವರ್ಷದಿಂದ ಶುಗರ್ ಐತ್ರಿ, ಈಗ ಕಾಲು ಬಾವು ಬರ್ತೈತೆ ಅಂತ ಊರಲ್ಲೇ ಬ್ಲಡ್ ಟೆಸ್ಟ್ ಮಾಡಿಸಿದ್ವಿ, ಕ್ರಿಯಾಟಿನಿನ್ (ಕಿಡ್ನಿ ಹೆಂಗೆ ಸೋಸ್ತೈತೆ ಅಂತ ತೋರ್ಸೋ ಲೆಕ್ಕ) 2.1 ಬಂತು, ಅಲ್ಲಿನ ಡಾಕ್ಟ್ರು ದಾವಣಗೆರೆಗೆ ಹೋಗಿ ಕಿಡ್ನಿಯವ್ರಿಗೆ ತೋರಿಸ್ರಿ ಅಂದ್ರು ಅಷ್ಟೇ. ಇಲ್ಲಿ ಬಂದು ನೋಡಿದ್ರೆ ಒಂದು ಬೋರ್ಡಲ್ಲಿ ನೆಫ್ರಾಲಜಿಸ್ಟ್, ಇನ್ನೊಂದರಲ್ಲಿ ಯುರಾಲಜಿಸ್ಟ್, ಎರಡರ ಕೆಳಗೂ ಮೂತ್ರಪಿಂಡ ತಜ್ಞರು ಅಂತಾನೇ ಬರೆದಾರೆ. ಯಾರ ಹತ್ರ ಚೀಟಿ ಮಾಡಿಸ್ಲಿ?

ಹದಡಿ ರೋಡ್:
ನೆಫ್ರಾಲಜಿಸ್ಟ್. ಶುಗರ್, ಬಿಪಿಯಿಂದ ಕಿಡ್ನಿ ಸೋಸೋದು ಕಮ್ಮಿ ಆದ್ರೆ, ಯೂರಿನ್‌ನಲ್ಲಿ ಪ್ರೋಟೀನ್ ಹೋಗ್ತಿದ್ರೆ, ಡಯಾಲಿಸಿಸ್‌ಗೆ, ಎಲ್ಲಾ ಅವ್ರೇ. ಯುರಾಲಜಿಸ್ಟ್ ಆಪರೇಷನ್ ಮಾಡೋರು, ಕಿಡ್ನಿ ಕಲ್ಲು, ಪ್ರಾಸ್ಟೇಟ್, ಮೂತ್ರ ಕಟ್ಟಿಕೊಂಡ್ರೆ ಅವ್ರ ಹತ್ರ. ಕೆಲವೊಮ್ಮೆ ಕಲ್ಲು ಅಡ್ಡ ಕೂತೇ ಕ್ರಿಯಾಟಿನಿನ್ ಏರಿರುತ್ತೆ, ಅದಕ್ಕೇ ಹೊಟ್ಟೆ ಸ್ಕ್ಯಾನಿಂಗ್ ಬರೀತಾರೆ, ಹಂಗೇನಾದ್ರೂ ಇದ್ರೆ ನೆಫ್ರಾಲಜಿಸ್ಟೇ ಆ ಕಡೆ ಕಳಿಸ್ತಾರೆ ಬಿಡ್ರಿ.

ಪಿಜಿ ಸ್ಟೂಡೆಂಟ್:
ಬೋರ್ಡ್ ಬಿಟ್ಟು ಡಿಗ್ರಿ ಓದಿ. ಡಿಎಂ ಅಂದ್ರೆ ಎಂಡಿ ಆದ್ಮೇಲೆ ಇನ್ನೂ 3 ವರ್ಷ, ಔಷಧದ ಕಡೆ. ಎಂಸಿಎಚ್ ಅಂದ್ರೆ ಎಂಎಸ್ ಆದ್ಮೇಲೆ 3 ವರ್ಷ, ಆಪರೇಷನ್ ಕಡೆ. ನ್ಯೂರಾಲಜಿಸ್ಟ್, ನ್ಯೂರೋಸರ್ಜನ್ ವ್ಯತ್ಯಾಸನೂ ಇದೇ. ಹಾರ್ಟಲ್ಲಿ ಸ್ವಲ್ಪ ಗೊಂದಲ ಆಗುತ್ತೆ, ಸ್ಟೆಂಟ್ ಹಾಕೋದು ಕಾರ್ಡಿಯಾಲಜಿಸ್ಟೇ, ಎದೆ ತೆರೆದು ಬೈಪಾಸ್ ಮಾಡೋದು ಮಾತ್ರ ಸರ್ಜನ್. ಏನೂ ತಿಳೀಲಿಲ್ಲ ಅಂದ್ರೆ ಮೊದ್ಲು ಎಂಡಿ ಮೆಡಿಸಿನ್‌ನವ್ರಿಗೆ ತೋರಿಸೋದು ವಾಸಿ, ದುಡ್ಡೂ ಉಳಿಯುತ್ತೆ.

ಹರಿಹರದಕ್ಕ:
ಹೌದ್ರಿ, ಕಾಲಲ್ಲಿ ನರ ಉಬ್ಬಿದೋರು ನ್ಯೂರಾಲಜಿ ಮುಂದೆ ಕೂತಿರ್ತಾರೆ ಪಾಪ, ಅದು ವೇರಿಕೋಸ್ ವೇನ್, ಅಂದ್ರೆ ಉಬ್ಬಿದ ರಕ್ತನಾಳ ಆಗಿದ್ರೆ, ರಕ್ತನಾಳ ನೋಡೋ ವ್ಯಾಸ್ಕ್ಯುಲರ್ ಸರ್ಜನ್ ನೋಡ್ಬೇಕು, ಅವ್ರು ಸಿಗ್ಲಿಲ್ಲ ಅಂದ್ರೆ ಜನರಲ್ ಸರ್ಜನ್. ಅದಿರ್ಲಿ ತಮ್ಮಾ, ನಿಮ್ಮ ಅಪ್ಪಾಜಿ ನೋವಿನ ಮಾತ್ರೆ ಏನಾದ್ರೂ ತಗೋತಾರಾ?

ಜಗಳೂರು ಹುಡುಗ:
ಮಂಡಿನೋವಿಗೆ ದಿನಾ ಒಂದು ನುಂಗ್ತಾರಕ್ಕ, ಮೆಡಿಕಲ್ ಶಾಪಲ್ಲಿ ಕೇಳಿ ತರೋದು. ಪಟ್ಟಿ ಮೇಲೆ ಡೈಕ್ಲೋಫೆನಾಕ್ ಅಂತೈತೆ.

ಹರಿಹರದಕ್ಕ:
ಅಯ್ಯೋ, ಅದನ್ನ ಇವತ್ತೇ ನಿಲ್ಲಿಸ್ರಿ, ಕಿಡ್ನಿ ವೀಕ್ ಇರೋರಿಗೆ ಅದು ಇನ್ನೂ ಪೆಟ್ಟು ಕೊಡುತ್ತೆ.

ಪಿಜಿ ಸ್ಟೂಡೆಂಟ್:
ಅಕ್ಕ ಹೇಳಿದ್ದು ಸರಿ. ಆದ್ರೆ ಶುಗರ್ ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ, ಕ್ರಿಯಾಟಿನಿನ್ ನೋಡಿ ಡೋಸ್ ಡಾಕ್ಟ್ರೇ ಬದಲಾಯಿಸ್ತಾರೆ. ಮಾತ್ರೆ ಪಟ್ಟಿಗಳನ್ನೆಲ್ಲ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ಹಳೇ ರಿಪೋರ್ಟೂ ಇರ್ಲಿ, ಕ್ರಿಯಾಟಿನಿನ್ ಯಾವಾಗಿಂದ ಏರ್ತಾ ಬಂದಿದೆ ಅಂತ ಕೇಳೇ ಕೇಳ್ತಾರೆ.