ನಂಬರ್ 4 ಲೀ-ಎನ್‌ಫೀಲ್ಡ್ ಏರ್‌ಸಾಫ್ಟ್ ಪ್ರತಿಕೃತಿಗೆ 1945ರ ಬರ್ಮಾ ರಣರಂಗದ ಕೋವಿಯ ರೂಪ ಕೊಡುವುದು ಹೇಗೆ?

ಗೋಣಿಕೊಪ್ಪ_ರಂಗಾಸಕ್ತ

ಮಾನ್ಯ ಸದಸ್ಯರೇ, ಎರಡನೇ ಮಹಾಯುದ್ಧದ ಕೊನೆಯಲ್ಲಿ ಬರ್ಮಾದಲ್ಲಿ ಹೋರಾಡಿದ ಭಾರತೀಯ ಸೈನಿಕರ ಕುರಿತು ನಮ್ಮ ಹವ್ಯಾಸಿ ತಂಡ ನಾಟಕವೊಂದನ್ನು ಸಿದ್ಧಪಡಿಸುತ್ತಿದೆ. ಮನೆಯ ಕೋವಿಗಳನ್ನು ರಂಗಕ್ಕೆ ತರುವ ಪ್ರಶ್ನೆಯೇ ಇಲ್ಲವಾದ್ದರಿಂದ, 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹಾರಿಸುವ, ಸ್ಪ್ರಿಂಗ್‌ನಿಂದ ನಡೆಯುವ, ಬ್ರಿಟಿಷ್ ಸೇನೆಯ ಕೋವಿಯಾದ ಲೀ-ಎನ್‌ಫೀಲ್ಡ್ ನಂಬರ್ 4ರ ಏರ್‌ಸಾಫ್ಟ್ ಪ್ರತಿಕೃತಿಯೊಂದನ್ನು ಪರಿಚಿತರಿಂದ ಪಡೆದಿದ್ದೇವೆ. ಅಳತೆ ಸರಿಯಾಗಿದೆ, ಆದರೆ ಮರವಿರಬೇಕಾದಲ್ಲಿ ಮಿನುಗುವ ಕಂದು ಪ್ಲಾಸ್ಟಿಕ್ ಇದೆ, ಲೋಹದ ಭಾಗಗಳು ಬೂದು ಬಣ್ಣಕ್ಕಿವೆ, ಎತ್ತಿದರೆ ತೀರಾ ಹಗುರ. ಅದರ ಮಾಲೀಕರ ಒಪ್ಪಿಗೆ ಪಡೆದು ಮರ ಹಾಕಿಸಿ, ಲೋಹವನ್ನು ಹಳೆಯದಾಗಿಸಿ, ಬಂಗಾಳದ ಇಶಾಪುರದ ಕೋವಿ ಕಾರ್ಖಾನೆಯ ಮುದ್ರೆಯನ್ನೂ ಕೊರೆಸಬೇಕೆಂದಿದ್ದೇವೆ. ಬಲ್ಲವರು ದಯವಿಟ್ಟು ಮಾರ್ಗದರ್ಶನ ನೀಡಿ.

ಮಡಿಕೇರಿ_ಇತಿಹಾಸ

ಮುದ್ರೆಯ ವಿಚಾರವನ್ನು ಮೊದಲು ಕೈಬಿಡಿ ಸರ್. ಇಶಾಪುರದಲ್ಲಿ ತಯಾರಾಗುತ್ತಿದ್ದುದು ನಂಬರ್ 1 ಮಾರ್ಕ್ 3 ಮಾದರಿಯೇ ಹೊರತು ನಂಬರ್ 4 ಅಲ್ಲ. ನಂಬರ್ 4 ಬಂದದ್ದು ಇಂಗ್ಲೆಂಡಿನ ಫಜಾಕರ್ಲಿ, ಮಾಲ್ಟ್‌ಬಿ, ಶರ್ಲಿ ಕಾರ್ಖಾನೆಗಳಿಂದ, ಕೆನಡಾದ ಲಾಂಗ್ ಬ್ರಾಂಚ್‌ನಿಂದ ಮತ್ತು ಅಮೆರಿಕದ ಸ್ಯಾವೇಜ್ ಕಂಪನಿಯಿಂದ. ನಂಬರ್ 4ರ ಮೈಮೇಲೆ ಇಶಾಪುರದ ಹೆಸರು ಕಂಡರೆ, ಸಭಿಕರಲ್ಲಿ ನಿವೃತ್ತ ಸೈನಿಕರು ಕಡಿಮೆಯಿಲ್ಲದ ನಮ್ಮ ಜಿಲ್ಲೆಯಲ್ಲಿ, ಯಾರಾದರೊಬ್ಬರು ಪರದೆ ಇಳಿಯುವವರೆಗೂ ಕಾಯದೆ ಹೇಳಿಬಿಡುತ್ತಾರೆ.

ಇದನ್ನೇ ನಂಬರ್ 1 ಆಗಿ ಮಾರ್ಪಡಿಸುತ್ತೇವೆಂದರೆ ಅದೂ ವ್ಯರ್ಥ ಶ್ರಮ. ನಂಬರ್ 1ರಲ್ಲಿ ಲೋಹದ ಮೂತಿ ನಳಿಗೆಯ ತುದಿಯವರೆಗೂ ಮುಚ್ಚಿಕೊಂಡು ಮೊಂಡಾಗಿ ಕಾಣುತ್ತದೆ, ಹಿಂದಿನ ಗುರಿಪಟ್ಟಿಯು ನಳಿಗೆಯ ಮೇಲೆಯೇ ಇರುತ್ತದೆ; ನಂಬರ್ 4ರಲ್ಲಾದರೋ ನಳಿಗೆಯ ತುದಿ ಮರದಿಂದ ಹೊರಚಾಚಿದೆ, ಗುರಿಪಟ್ಟಿ ಹಿಂದಕ್ಕೆ ಸರಿದು ಕಣ್ಣಿನ ಸಮೀಪಕ್ಕೆ ಬಂದಿದೆ. ಭಾರತೀಯ ಪಡೆಗಳ ಕೈಯಲ್ಲಿ ಹೆಚ್ಚಾಗಿ ಇದ್ದುದು ನಂಬರ್ 1. ಯುದ್ಧದ ಕೊನೆಯ ವರ್ಷಗಳಲ್ಲಿ ನಂಬರ್ 4 ಕೂಡ ಬಂದಿತ್ತು. ಕೆ. ಎಸ್. ತಿಮ್ಮಯ್ಯನವರು ಬ್ರಿಗೇಡನ್ನು ಮುನ್ನಡೆಸಿದ 1945ರ ಅರಾಕಾನ್ (ಬರ್ಮಾದ ಪಶ್ಚಿಮ ಕರಾವಳಿ) ಕಾಲಘಟ್ಟವನ್ನು ಆರಿಸಿಕೊಂಡರೆ ನಿಮ್ಮ ಪ್ರತಿಕೃತಿ ಇದ್ದಂತೆಯೇ ಸಲ್ಲುತ್ತದೆ. ಖಾಕಿಯಲ್ಲದೆ ಹಸಿರು ಸಮವಸ್ತ್ರವೂ ಆಗ ಬಂದಿತ್ತೆಂಬುದು ಗಮನದಲ್ಲಿರಲಿ. ತಿಮ್ಮಯ್ಯನವರ ಮನೆಯಾಗಿದ್ದ ಮಡಿಕೇರಿಯ ಸನ್ನಿ ಸೈಡ್ ವಸ್ತುಸಂಗ್ರಹಾಲಯವನ್ನೊಮ್ಮೆ ನೋಡಿ ಬರುವುದು ಒಳ್ಳೆಯದು.

ಸೋಮವಾರಪೇಟೆ_ಮರಗೆಲಸ

ಮರದ ಬಗ್ಗೆ ಹೇಳುತ್ತೇನೆ. ನಂಬರ್ 4ಕ್ಕೆ ವಾಲ್‌ನಟ್ ಮಾತ್ರವಲ್ಲ, ಯುದ್ಧಕಾಲದ ಕೊರತೆಯಿಂದಾಗಿ ಬೀಚ್ ಮತ್ತು ಬರ್ಚ್ ಮರಗಳನ್ನೂ ಬಣ್ಣ ಹಚ್ಚಿ ಬಳಸಿದ್ದರು. ನಮಗೆ ಇದು ಅನುಕೂಲವೇ ಸರಿ, ಏಕೆಂದರೆ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸಿರುವ ಸಿಲ್ವರ್ ಓಕ್, ಬೀಚ್‌ನಂತೆಯೇ ತಿಳಿ ಬಣ್ಣದ, ಮಿಂಚುಗೆರೆಗಳಿರುವ ಮರ. ಅದರ ಗೆರೆಗಳು ಬೀಚ್‌ಗಿಂತ ದೊಡ್ಡವಾದ್ದರಿಂದ, ಅವು ಅಗಲವಾಗಿ ಹರಡಿರುವ ಮುಖವನ್ನು ಹೊರಕ್ಕೆ ಬಿಡಬಾರದು. ಬೀಟೆ ತೀರಾ ಕಪ್ಪು. ತೇಗ ಆಗಬಹುದು, ಆದರೆ ಅದರ ಎಳೆಗಳು ದೂರಕ್ಕೂ ತೇಗವೆಂದೇ ಸಾರುತ್ತವೆ.

ಹೊಳೆಯುವ ವಾರ್ನಿಷ್ ಬೇಡವೇ ಬೇಡ. ಆ ಕಾಲದ ಸೈನಿಕರು ಕೋವಿಯ ಮರಕ್ಕೆ ಹಸಿ ಅಗಸೆ ಎಣ್ಣೆಯನ್ನು ತಿಕ್ಕುತ್ತಿದ್ದರು. ನಮ್ಮ ಮಳೆಗಾಲದಲ್ಲಿ ಹಸಿ ಎಣ್ಣೆ ಬೇಗ ಒಣಗದೆ ಬೂಷ್ಟು ಹಿಡಿಯುತ್ತದೆಯಾದ್ದರಿಂದ, ಬೇಗ ಒಣಗುವ ‘ಬಾಯ್ಲ್ಡ್’ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಒಂದು ಪದರ ಪೂರ್ತಿ ಒಣಗಿದ ಮೇಲೆಯೇ ಮುಂದಿನದಕ್ಕೆ ಕೈಹಾಕಿ. ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ. ಆರ್ದ್ರತೆಗೆ ಮರ ಉಬ್ಬುವುದರಿಂದ ಲೋಹಕ್ಕೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿಡಿ, ಇಲ್ಲದಿದ್ದರೆ ಜುಲೈನಲ್ಲಿ ಬೋಲ್ಟ್ (ಕೋವಿಯ ಹಿಂದೆ ಕೈಯಿಂದ ಎಳೆಯುವ ಅಗುಳಿ) ಎಳೆಯಲು ಬಾರದು.

ತೂಕದ ವಿಷಯ: ನಿಜವಾದ ನಂಬರ್ 4 ಸುಮಾರು 4 ಕಿಲೋ ತೂಗುತ್ತದೆ. ಅದರ ಬಟ್‌ನೊಳಗೆ (ಹೆಗಲಿಗೆ ಒರಗಿಸುವ ಹಿಂಬದಿಯ ಮರ) ಎಣ್ಣೆಯ ಸೀಸೆ ಮತ್ತು ನಳಿಗೆ ಒರೆಸುವ ಹಗ್ಗವನ್ನಿಡಲು ಪೊಳ್ಳು ಇರುತ್ತದೆ. ನಿಮ್ಮ ಬಟ್‌ನಲ್ಲೂ ಅಂಥದೇ ಪೊಳ್ಳು ಕೊರೆಸಿ, ಅಲ್ಲಾಡದಂತೆ ಕಬ್ಬಿಣದ ಸರಳಿನ ತುಂಡನ್ನಿಡಿ. ಭಾರವೆಲ್ಲ ಹಿಂದಕ್ಕೇ ಬೀಳದಂತೆ ಮುಂದಿನ ಮರದ ಒಳಗೂ ಸ್ವಲ್ಪ ಸೇರಿಸಿದರೆ, ನಟರು ಹೆಗಲಿಗೇರಿಸುವ ರೀತಿಯೇ ಬದಲಾಗುತ್ತದೆ.

ಕುಶಾಲನಗರ_ಮಾದರಿಕಾರ

ಲೋಹವನ್ನು ಹಳೆಯದಾಗಿಸುವ ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಉಕ್ಕು, ಅದಕ್ಕೆ ಕೋಲ್ಡ್ ಬ್ಲೂಯಿಂಗ್ ದ್ರಾವಣ (ಬಿಸಿ ಮಾಡದೆಯೇ ಉಕ್ಕನ್ನು ಕಪ್ಪಾಗಿಸುವಂಥದು) ಹಿಡಿಯುತ್ತದೆ. ಅಂಟದಿದ್ದರೆ ಸತುವಿನ ಎರಕವೋ ಅಲ್ಯೂಮಿನಿಯಮ್ಮೋ ಆಗಿರುತ್ತದೆ, ಉಕ್ಕಿನ ದ್ರಾವಣ ಅಲ್ಲಿ ಕಲೆ ಮಾಡೀತೇ ಹೊರತು ಬಣ್ಣ ಕೊಡದು. ಅಂಥ ಭಾಗಗಳಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಒಣಗಿದ ಮೇಲೆ ಗ್ರಾಫೈಟ್ ಪುಡಿಯನ್ನು ಬಟ್ಟೆಯಿಂದ ತಿಕ್ಕಿ.

ಮೈತುಂಬ ಗೀರು, ತುಕ್ಕು, ಕೆಸರು ಮಾಡುವವರೇ ಹೆಚ್ಚು. ನನಗೆ ಅದು ಒಪ್ಪಿಗೆಯಿಲ್ಲ. ಬಳಕೆಯಲ್ಲಿದ್ದ ಸೈನಿಕನ ಕೋವಿ ದಿನವೂ ಎಣ್ಣೆ ಕಾಣುತ್ತಿತ್ತು, ತುಕ್ಕು ಹಿಡಿಸಿದವನಿಗೆ ಶಿಕ್ಷೆಯಿತ್ತು. ಸವೆತ ಕಾಣಬೇಕಾದದ್ದು ಬೋಲ್ಟಿನ ಗುಂಡಿಯಲ್ಲಿ, ಮ್ಯಾಗಜೀನಿನ ಅಂಚುಗಳಲ್ಲಿ, ನಳಿಗೆಯ ತುದಿಯಲ್ಲಿ ಮತ್ತು ಹೆಗಲ ಪಟ್ಟಿಯ ಕೊಂಡಿ ಉಜ್ಜುವ ಕಡೆಯಲ್ಲಿ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಪೂಜೆಗಿಟ್ಟ ಹಳೆಯ ಜೋಡಿ ನಳಿಗೆಯ ಕೋವಿಯನ್ನು ಗಮನಿಸಿದರೆ ಸಾಕು: ಅಂಗೈ ಕೂರುವಲ್ಲಿ ಲೋಹ ಬೆಳ್ಳಗಾಗಿರುತ್ತದೆ, ಗಲ್ಲ ತಾಗುವಲ್ಲಿ ಮರ ಕಪ್ಪಾಗಿರುತ್ತದೆ, ಉಳಿದೆಡೆ ಮೂಲ ಬಣ್ಣವೇ ಇರುತ್ತದೆ. ಇದನ್ನು ಯಾವ ಚಿತ್ರವೂ ಇಷ್ಟು ಚೆನ್ನಾಗಿ ಕಲಿಸದು.

ವಿರಾಜಪೇಟೆ_ವಕೀಲ

ಕಾನೂನಿನ ಮಾತು ಚಿಕ್ಕದು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ, 2019ರಲ್ಲಿ ಕೇಂದ್ರ ಸರ್ಕಾರವು 2029ರವರೆಗೆ ವಿಸ್ತರಿಸಿದ, ಪರವಾನಗಿಯಿಲ್ಲದೆ ಕೋವಿ ಹೊಂದುವ ಹಕ್ಕನ್ನು ಇದರೊಂದಿಗೆ ಬೆರೆಸಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನಂತೆ ನಕಲಿ ಕೋವಿಯನ್ನು ನಿಜವಾದ ಕೋವಿಯಾಗಿ ಪರಿವರ್ತಿಸಲು ಪರವಾನಗಿ ಬೇಕು. ಆದ್ದರಿಂದ ಒಳಗಿನ ಸ್ಪ್ರಿಂಗ್, ನಳಿಗೆಗಳನ್ನು ಮುಟ್ಟದೆ ಹೊರರೂಪಕ್ಕಷ್ಟೇ ಕೈಹಾಕಿ. ಸಾಗಿಸುವಾಗ ಚೀಲದೊಳಗಿರಲಿ, ಪ್ರದರ್ಶನಕ್ಕೆ ಮುನ್ನ ಠಾಣೆಗೆ ಲಿಖಿತವಾಗಿ ತಿಳಿಸಿ.

ಗೋಣಿಕೊಪ್ಪ_ರಂಗಾಸಕ್ತ

ಎಲ್ಲರಿಗೂ ಕೃತಜ್ಞತೆಗಳು. ಮುದ್ರೆಯನ್ನು ಕೈಬಿಟ್ಟು, ಸಿಲ್ವರ್ ಓಕ್ ಹಲಗೆಗೆ ಹೇಳಿದ್ದೇವೆ. ನಳಿಗೆಯ ತುದಿಯ ಕಿತ್ತಳೆ ಬಣ್ಣವನ್ನು ಅಳಿಸಬಹುದೇ?

ಕುಶಾಲನಗರ_ಮಾದರಿಕಾರ

ಅಳಿಸಬೇಡಿ. ತುದಿಯ ಮೇಲೆ ಬಿಗಿಯಾಗಿ ಕೂರುವ, ಕೊಳವೆಯಂಥ ಕಪ್ಪು ಹೊದಿಕೆಯೊಂದನ್ನು ಮಾಡಿಸಿ, ರಂಗಪ್ರವೇಶಕ್ಕೆ ಮೊದಲು ತೊಡಿಸಿ, ದೃಶ್ಯ ಮುಗಿದೊಡನೆ ತೆಗೆಯಿರಿ. ಹೊದಿಕೆಯನ್ನು ಹಿತ್ತಾಳೆಯಲ್ಲಿ ಮಾಡಿಸಿದರೆ ಬಣ್ಣ ಸವೆದಾಗ ಹಳದಿ ಇಣುಕುತ್ತದೆ, ಉಕ್ಕಿನದೇ ಆಗಲಿ.