ಕಾಲೇಜಿನಲ್ಲಿ ರಾಕೆಟ್ ಕ್ಲಬ್: ಮೊದಲು ಯಾವುದಕ್ಕೆ ಕೈ ಹಾಕೋದು?

ಕೇಳಿದ್ದು: ನಾವು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರ ಎರಡನೇ ವರ್ಷದವರು, ಒಟ್ಟು 9 ಜನ. ರಾಕೆಟ್ ಕ್ಲಬ್ ಶುರು ಮಾಡಿದ್ದೇವೆ. ಇಂಧನವನ್ನೂ ನಾವೇ ಮಾಡೋಣ ಅಂತ ಅರ್ಧ ಜನ, ಬೇಡ ಅಂತ ಇನ್ನರ್ಧ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಹಳೆ ಕ್ಲಬ್ ಸದಸ್ಯೆ: ಇಂಧನದ ಜಗಳ ಆಮೇಲಿರಲಿ, ಮೊದಲು ಪ್ಯಾರಾಚೂಟ್ ನೋಡಿ. ನಮ್ಮಲ್ಲೂ ಎಲ್ಲರಿಗೂ ಮೋಟರಿನದೇ (ಇಂಧನ ಉರಿಯೋ ಭಾಗದ್ದೇ) ಹುಚ್ಚು. ಪ್ಯಾರಾಚೂಟ್ ಯಾರಿಗೂ ಬೇಡದ ಕೆಲಸ, ಜೂನಿಯರ್ ಅಂತ ನನ್ನ ತಲೆಗೆ ಕಟ್ಟಿದರು. ಕೊಡೆ ಬಟ್ಟೆ ತಂದು ಮನೆ ಹತ್ತಿರದ ಟೈಲರ್‌ಗೆ ಕೊಟ್ಟೆ. "ಕಡ್ಡಿ ಎಲ್ಲಮ್ಮಾ?" ಅಂದರು!

ಹೊಲಿಗೆ ಚೆನ್ನಾಗಿತ್ತು, ಕೈಕೊಟ್ಟಿದ್ದು ಪ್ಯಾರಾಚೂಟ್ ಬಿಚ್ಚಿಸೋ ಸರ್ಕ್ಯೂಟಿನ ಬ್ಯಾಟರಿ. 9 ವೋಲ್ಟ್ ಬ್ಯಾಟರಿಗೆ ಸುಮ್ನೆ ಕ್ಲಿಪ್ ಸಿಕ್ಕಿಸಿದ್ದೆವು. ರಾಕೆಟ್ ಏರಿದ ರಭಸಕ್ಕೆ ಅದು ಕಳಚಿಕೊಂಡಿತು. ಪ್ಯಾರಾಚೂಟ್ ಮಡಿಸಿಟ್ಟ ಹಾಗೇ ಇತ್ತು, ಆರು ತಿಂಗಳ ಕೆಲಸ ಮೂತಿ ಕೆಳಗಾಗಿ ನೆಲಕ್ಕೆ ನಾಟಿಕೊಂಡಿತು. ಆಮೇಲೆ ತಂತಿಗಳನ್ನೆಲ್ಲ ಸೋಲ್ಡರ್ ಮಾಡಿ, ಬ್ಯಾಟರಿಗೆ ಜಿಪ್ ಟೈ ಬಿಗಿದೆವು.

ಇನ್ನೊಂದು. ಎತ್ತರ ತಿಳಿಯೋಕೆ ಬಿಎಂಪಿ280 ಥರದ ಗಾಳಿ ಒತ್ತಡದ ಸೆನ್ಸರ್ ಹಾಕ್ತೀರಲ್ವಾ? ಅದು ಕೂರೋ ಕಡೆ ರಾಕೆಟ್ ಕೊಳವೆಗೆ ಸಣ್ಣ ತೂತು ಕೊರೆಯಿರಿ. ಗಾಳಿ ಆಡದಿದ್ದರೆ ರಾಕೆಟ್ ಎಷ್ಟು ಎತ್ತರದಲ್ಲಿದೆ ಅನ್ನೋದೇ ಸೆನ್ಸರ್‌ಗೆ ಗೊತ್ತಾಗಲ್ಲ.

ಮೆಕ್ಯಾನಿಕಲ್ ಓದಿದವನು: ಮೇಲಿನವರ ಮಾತು ನೂರಕ್ಕೆ ನೂರು ನಿಜ. ಕೊಳವೆ ಕತ್ತರಿಸೋ ಮುಂಚೆ ಓಪನ್‌ರಾಕೆಟ್ ಅನ್ನೋ ರಾಕೆಟ್ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಬಿಡಿಸಿ ನೋಡಿ, ಅದು ಉಚಿತ. ಗಾಳಿಯ ಬಲ ಕೂಡುವ ಬಿಂದುವಿಗಿಂತ ಭಾರದ ನಡುಬಿಂದು ಮೂತಿಯ ಕಡೆಗಿರಬೇಕು, ಎರಡರ ನಡುವೆ ಕನಿಷ್ಠ ಕೊಳವೆಯ ಒಂದು ವ್ಯಾಸದಷ್ಟು ಅಂತರ. ಎಲೆಕ್ಟ್ರಾನಿಕ್ಸ್‌ಗೆ ಎಸ್.ಪಿ. ರೋಡ್ ಸಾಕು. ಲೇಥ್ ಕೆಲಸಕ್ಕೆ ಪೀಣ್ಯಕ್ಕೆ ಹೋಗಿ, ಆದರೆ ಅಳತೆ ಬರೆದ ಡ್ರಾಯಿಂಗ್ ಕೈಯಲ್ಲಿರಲಿ. ಬಾಯಲ್ಲಿ ಹೇಳಿದರೆ ಒಂದೇ ಪೀಸಿಗೆ ಯಾರೂ ಮಿಷನ್ ನಿಲ್ಲಿಸಲ್ಲ.

ಮೇಷ್ಟ್ರು: ಇಂಧನ ನೀವು ಮಾಡಬೇಡಿ. ಹಾಸ್ಟೆಲ್ ರೂಮಲ್ಲಂತೂ ಬೇಡವೇ ಬೇಡ. ಕೈ ಸುಡೋದು ಒಂದು ಕಡೆ, 1884ರ ಸ್ಫೋಟಕ ಕಾಯ್ದೆ ಇನ್ನೊಂದು ಕಡೆ. ಊರೊಳಗೆ ಹಾರಿಸೋ ಯೋಚನೆಯನ್ನೂ ಬಿಡಿ: ಎಚ್‌ಎಎಲ್, ಯಲಹಂಕ ವಾಯುನೆಲೆ, ದೇವನಹಳ್ಳಿ, ಎಲ್ಲ ಕಡೆ ವಿಮಾನ. ಕೇಂದ್ರ ಸರ್ಕಾರದ ಬಾಹ್ಯಾಕಾಶ ಸಂಸ್ಥೆ ಇನ್‌ಸ್ಪೇಸ್ ನಡೆಸುವ ವಿದ್ಯಾರ್ಥಿ ರಾಕೆಟ್ ಸ್ಪರ್ಧೆಯ ಕಡೆ ಕಣ್ಣಿಡಿ. 2025ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ನಡೆದಿತ್ತು.

ಕೇಳಿದವನು: ಜಗಳ ಮುಗೀತು ಸರ್. ಅಕ್ಕ, 2 ಕೆ.ಜಿ. ರಾಕೆಟ್‌ಗೆ ಬಟ್ಟೆ ಎಷ್ಟು ಬೇಕು?

ಹಳೆ ಕ್ಲಬ್ ಸದಸ್ಯೆ: ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಇಳಿಯಬೇಕಾದರೆ ಸುಮಾರು 1.3 ಮೀಟರ್ ವ್ಯಾಸದ ಪ್ಯಾರಾಚೂಟ್. ಬಟ್ಟೆ ಸ್ವಲ್ಪ ಜಾಸ್ತಿಯೇ ತನ್ನಿ, ಮೊದಲನೆಯದು ಹೇಗೂ ಕೆಡುತ್ತೆ.