ನದಿ ತಿರುವಿನ ಕಡಿದಾದ ದಂಡೆ: ಪದರ ಓದುವುದು ಹೇಗೆ?

ಪ್ರಶ್ನೆ
ನದಿ ತಿರುಗುವಲ್ಲಿ ಹೊರಬದಿಯ ದಂಡೆ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ, ಒಳಬದಿಯಲ್ಲಿ ಮರಳು ದಿಬ್ಬ. ಆ ಗೋಡೆ ಇಳಿಜಾರಾಗದೆ ಉಳಿಯುವುದು ಹೇಗೆ? ಪದರಗಳನ್ನು ದಾಖಲಿಸಲು ಎಲ್ಲಿಂದ ಶುರು ಮಾಡಬೇಕು? ನಡುವೆ ಓರೆಯಾಗಿ ಒಂದು ಕಂದು ಪಟ್ಟಿ ಹಾದಿದೆ, ಅದೂ ಪದರವೇ?

ಉತ್ತರ 1
ನದಿ ತಿನ್ನುವುದು ಬುಡವನ್ನು, ಮೇಲ್ಭಾಗ ತಾನಾಗಿ ಬೀಳುತ್ತದೆ. ತಿರುವಿನಲ್ಲಿ ರಭಸದ ನೀರು ಹೊರಬದಿಗೆ ಒತ್ತಿ, ಅಲ್ಲೇ ಕೆಳಗಿಳಿದು, ತಳದಲ್ಲಿ ಒಳಬದಿಗೆ ಹೊರಳುತ್ತದೆ. ಬುಡದ ಸಡಿಲ ಮರಳು, ಜಲ್ಲಿ ಕೊಚ್ಚಿಹೋದ ಮೇಲೆ ಮೇಲಿನ ಅಂಟು ಜೇಡಿ ಸೂರಿನಂತೆ ಚಾಚಿಕೊಳ್ಳುತ್ತದೆ. ಆಮೇಲೆ ಅಂಚಿನುದ್ದಕ್ಕೂ ಬಿರುಕು ಬಿಟ್ಟು ಹೆಂಟೆ ಹೆಂಟೆಯಾಗಿ ಕಳಚುತ್ತದೆ. ಬಿದ್ದ ಮಣ್ಣು ಕೆಲಕಾಲ ಬುಡವನ್ನು ಕಾಯುತ್ತದೆ. ನೀರು ಅದನ್ನು ಹೊತ್ತೊಯ್ದರೆ ಮತ್ತೆ ಕೊರೆತ. ನದಿ ದೂರ ಸರಿದರೆ ಮಾತ್ರ ಮಣ್ಣು ಅಲ್ಲೇ ಉಳಿದು, ಗೋಡೆ ಇಳಿಜಾರಾಗಿ ಹುಲ್ಲು ಹಬ್ಬುತ್ತದೆ.

ಕುಸಿತ ಹೆಚ್ಚಾಗುವುದು ಪ್ರವಾಹ ಇಳಿಯುವಾಗ. ದಂಡೆ ನೀರು ಕುಡಿದು ಭಾರವಾಗಿರುತ್ತದೆ, ಅದನ್ನು ಒತ್ತಿ ಹಿಡಿದಿದ್ದ ನದಿ ನೀರು ಇಳಿದುಹೋಗಿರುತ್ತದೆ. ಆ ದಿನಗಳಲ್ಲಿ ಹತ್ತಿರ ಹೋಗಲೇಬೇಡಿ. ಚಾಚಿನ ಕೆಳಗಂತೂ ಯಾವಾಗಲೂ ಬೇಡ.

ಉತ್ತರ 2
ದಾಖಲೆಗೆ ಎದೆಮಟ್ಟ ಮೀರದ, ಚಾಚಿಲ್ಲದ ಭಾಗ ಆರಿಸಿ. ಎತ್ತರದ ಗೋಡೆಗೆ ದೂರದಿಂದ ಫೋಟೊ ಸಾಕು. ಕರಣೆಯಿಂದ ಸುಮಾರು 30 ಸೆಂ.ಮೀ. ಅಗಲದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಹೆರೆಯಿರಿ. ಮಳೆಗೆ ಇಳಿದ ಕೆಸರು ಗೋಡೆಗೆ ಮೆತ್ತಿಕೊಂಡಿರುತ್ತದೆ, ಹೆರೆಯದಿದ್ದರೆ ಓದುವುದು ಆ ಕೆಸರನ್ನೇ. ಟೇಪು ಕೆಳಗಿನಿಂದ ಹಿಡಿಯಿರಿ. ಪ್ರತಿ ಪದರದ ದಪ್ಪ, ಕಣ, ಒದ್ದೆ ಮಾಡಿದಾಗಿನ ಬಣ್ಣ, ಗಡಿ ಥಟ್ಟನೆ ಬದಲಾಗಿದೆಯೋ ನಿಧಾನಕ್ಕೋ, ಇಷ್ಟನ್ನು ಬರೆಯಿರಿ. 2 ಮಿ.ಮೀ. ಮೀರಿದ ಕಣ ಜಲ್ಲಿ, ಅದಕ್ಕಿಂತ ಸಣ್ಣದು ಮರಳು. ಇನ್ನೂ ನಯವಾದ ಮಣ್ಣನ್ನು ಒದ್ದೆ ಮಾಡಿ ಅಂಗೈಯಲ್ಲಿ ಹೊಸೆಯಿರಿ: ಎಳೆ ಬಂದರೆ ಜೇಡಿ, ಮುರಿದರೆ ಹೂಳು.

ತಳದಲ್ಲಿ ಉರುಟು ಕಲ್ಲು, ಅದರ ಮೇಲೆ ಓರೆ ಗೆರೆಯ ಮರಳು, ತುದಿಗೆ ಬೇರಿನ ಗುರುತಿರುವ ಹೂಳು ಬಂದರೆ, ಹಳೆಯ ನದಿಪಾತ್ರ ಪಕ್ಕಕ್ಕೆ ಸರಿದ ಲಕ್ಷಣ. ಓರೆ ಗೆರೆ ಇಳಿಯುವ ಕಡೆಗೇ ಆಗ ನೀರು ಹರಿಯುತ್ತಿತ್ತು. ಹೆಂಚು ಹೊದಿಸಿದಂತೆ ಒರಗಿದ ಚಪ್ಪಟೆ ಕಲ್ಲುಗಳು ಮಾತ್ರ ಹರಿವಿನ ಎದುರು ದಿಕ್ಕಿಗೆ ಇಳಿಯುತ್ತವೆ. ಇಲ್ಲಿ ಬಹಳ ಜನ ಎಡವುತ್ತಾರೆ.

ಉತ್ತರ 3
ಕಂದು ಪಟ್ಟಿ ಬಹುಶಃ ಅಂತರ್ಜಲ ಬಿಟ್ಟುಹೋದ ಕಬ್ಬಿಣದ ಕಲೆ. ಪಟ್ಟಿಯ ಒಳಗೂ ಹೊರಗೂ ಕಣ ಒಂದೇ ಆಗಿದ್ದು, ಅದು ಪದರಗಳ ಗಡಿಯನ್ನೇ ದಾಟಿ ಹೋಗಿದ್ದರೆ ಕಲೆಯೆಂದೇ ಬರೆಯಿರಿ. ಪದರಗಳೆಲ್ಲ ಒಟ್ಟಿಗೆ ವಾಲಿದ್ದರೆ ಅದು ಜಾರಿಬಿದ್ದ ತುಂಡಾಗಿರಬಹುದು. ಪಕ್ಕದ ಗೋಡೆಗೆ ಹೋಲಿಸದೆ ಭೂಚಲನೆ ಅನ್ನಬೇಡಿ.

ಇನ್ನೊಂದು ಮಾತು: ಪದರದ ವಯಸ್ಸು ಬೇರೆ, ಗೋಡೆಯ ವಯಸ್ಸು ಬೇರೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಂದರದ ಅಂಚಿನ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ, ತಳದ ಶಿಲೆಗೆ 170 ಕೋಟಿಗೂ ಹೆಚ್ಚು. ಕೊಲರಾಡೊ ನದಿ ಆ ಕಂದರದ ಹೆಚ್ಚಿನ ಪಾಲು ಕೊರೆದದ್ದು ಮಾತ್ರ ಕಳೆದ 50–60 ಲಕ್ಷ ವರ್ಷಗಳಲ್ಲಿ. ನಿಮ್ಮ ದಂಡೆಯ ಹೂಳು ಸಾವಿರಾರು ವರ್ಷ ಹಳೆಯದಾಗಿದ್ದರೂ, ಅದರ ಮುಖ ಹೋದ ಮಳೆಗಾಲದ್ದಿರಬಹುದು.